ಕಿವಿಗೊಟ್ಟು ಗುರುತು ಹಾಕಿದ ದೊಡ್ಡ ಟೀಚರ್

ಶಿಶುವಿಹಾರದ ಮಗು ವರ್ಷದ ಕೊನೆಗೆ ಏನೇನು ಕಲಿತಿರಬೇಕೆಂದು ಪಟ್ಟಿ ಮಾಡುವವರು ನಮ್ಮ ಕ್ಷೇತ್ರದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆ ಪಟ್ಟಿಯನ್ನು ಬದಿಗಿಟ್ಟು ಮೊದಲು ಮಗುವನ್ನು ನೋಡಿದವರು ವಿರಳ. ಚರ್ಚಿನ ಹಿಂಬದಿಯ ಮೂರು ಕೋಣೆಗಳಲ್ಲಿ ಮೂವತ್ತನಾಲ್ಕು ವರ್ಷ ದುಡಿದು, ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಮುಖ್ಯೋಪಾಧ್ಯಾಯಿನಿ, ಎಲ್ಲರ ಬಾಯಲ್ಲಿ ‘ದೊಡ್ಡ ಟೀಚರ್’, ಆ ವಿರಳರಲ್ಲಿ ಅಗ್ರಗಣ್ಯರು. ಹೊಗಳಿಕೆ ಕೇಳಿದರೆ ಅವರಿಗೆ ಮೈಯೆಲ್ಲ ಮುಜುಗರ. ಆದರೆ ಅಭಿನಂದನ ಗ್ರಂಥದಲ್ಲಿ ಪುಟ ಸಿಕ್ಕಿರುವಾಗ ನಾನು ಬಿಡುವವಳಲ್ಲ.

ನಾನು ಅವರ ಕೈಕೆಳಗೆ ಸೇರಿದಾಗ ನನಗೆ ಇಪ್ಪತ್ತೆರಡು ವರ್ಷ. ಮೊದಲ ದಿನವೇ ಒಂದು ಮರದ ಸ್ಕೇಲು ಹಿಡಿದುಕೊಂಡು ತರಗತಿಗೆ ಹೋಗಿದ್ದೆ. ದೊಡ್ಡ ಟೀಚರ್ ಅದನ್ನು ನಯವಾಗಿ ಇಸಿದುಕೊಂಡು, ಕಿಟಕಿಯ ಬಳಿಯ ಕುಂಡದ ಗಿಡ ಎಷ್ಟು ಬೆಳೆದಿದೆಯೆಂದು ಅಳೆಯಲು ಮಕ್ಕಳಿಗೆ ಕೊಟ್ಟುಬಿಟ್ಟರು. ಮುಂದೆ ನನ್ನ ತಾಯಿ ಎರಡು ತಿಂಗಳು ಆಸ್ಪತ್ರೆಯಲ್ಲಿದ್ದಾಗ, ನನ್ನ ತರಗತಿಯನ್ನೂ ತಮ್ಮದರ ಜೊತೆ ಸೇರಿಸಿಕೊಂಡು ನಡೆಸಿದರು. ಆ ವಿಷಯ ನನಗೆ ಗೊತ್ತಾದದ್ದೂ ಶಾಲೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಆಯಮ್ಮನ ಬಾಯಿಂದಲೇ.

ಅವರ ನಿಜವಾದ ದೊಡ್ಡತನ ನನಗೆ ತಿಳಿದದ್ದು ನಾನು ಕೆಲಸಕ್ಕೆ ಸೇರಿದ ನಾಲ್ಕನೆಯ ವರ್ಷದಲ್ಲಿ, ಒಂದು ಗುರಿಪಟ್ಟಿಯ ದೆಸೆಯಿಂದ. ಶಾಲೆ ನಡೆಸುವ ಚರ್ಚಿನ ಹಿರಿಯರ ಸಮಿತಿ ಆ ವರ್ಷ ಹೊಸದೊಂದು ಪಟ್ಟಿ ತಂದಿತ್ತು: ಅಂಗಿಯ ಗುಂಡಿ ತಾನೇ ಹಾಕಿಕೊಳ್ಳುವುದು, ಇಪ್ಪತ್ತರವರೆಗೆ ಎಣಿಸುವುದು, ಬಣ್ಣದ ಕಡ್ಡಿ ಹಂಚಿಕೊಳ್ಳುವುದು, ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚಿ ನಿಲ್ಲುವುದು, ತನ್ನದೇ ಮಾತಿನಲ್ಲಿ ಗಟ್ಟಿಯಾಗಿ ಪ್ರಾರ್ಥಿಸುವುದು. ಪಟ್ಟಿಯಲ್ಲಿ ತಪ್ಪೇನೂ ಇರಲಿಲ್ಲ. ಒಂದು ಗುರಿ ತಪ್ಪಿದರೂ ಮಗು ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರಬೇಕೆಂಬ ನಿಯಮದಲ್ಲಿ ತಪ್ಪಿತ್ತು.

ನನ್ನ ತರಗತಿಯಲ್ಲಿ ಇಸ್ತ್ರಿ ಮಾಡುವ ಅಜ್ಜಿಯೊಬ್ಬರ ಮೊಮ್ಮಗಳಿದ್ದಳು. ಶಾಲೆಗೆ ಸೇರಿ ಹತ್ತು ತಿಂಗಳಾದರೂ ತರಗತಿಯಲ್ಲಿ ತುಟಿಪಿಟಕ್ಕೆಂದಿರಲಿಲ್ಲ. ನಾವು ಕಿರಿಯ ಟೀಚರುಗಳು ಅವಳಿಗೆ ‘ಬೀಗಮ್ಮ’ ಎಂದು ಹೆಸರಿಟ್ಟು ನಗುತ್ತಿದ್ದೆವು. ಈಗ ನೆನೆದರೆ ನಾಚಿಕೆಯಾಗುತ್ತದೆ. ಹಿರಿಯರು ಪರೀಕ್ಷಿಸಲು ಬರುವ ವಾರ ಅವಳ ಅಜ್ಜಿ ಬಾಗಿಲಲ್ಲಿ ನಿಂತು ಕಣ್ಣೀರಿಟ್ಟರು. “ಮನೇಲಿ ಇವಳ ಬಾಯಿ ಮುಚ್ಚಿಸೋಕೇ ಆಗಲ್ಲಮ್ಮ. ಇಲ್ಲಿ ಅದೇನಾಗುತ್ತೋ! ಜೊತೆ ಮಕ್ಕಳೆಲ್ಲ ಮೇಲೆ ಹೋಗಿ ಇವಳೊಬ್ಬಳೇ ಉಳಿದ್ರೆ, ಇನ್ನು ಯಾವತ್ತೂ ಬಾಯಿ ಬಿಡಲ್ಲ.” ನಾನು ನೇರವಾಗಿ ದೊಡ್ಡ ಟೀಚರ್ ಬಳಿ ಹೋಗಿ ಎಲ್ಲ ಹೇಳಿದೆ.

ದೊಡ್ಡ ಟೀಚರ್ ಬೋಧಿಸಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಮಕ್ಕಳ ಪುಟ್ಟ ಕುರ್ಚಿಯೊಂದನ್ನು ಮೂಲೆಗೆ ಎಳೆದುಕೊಂಡು, ಮೊಣಕಾಲು ಗಲ್ಲಕ್ಕೆ ತಾಗುವಂತೆ ನಾಲ್ಕು ದಿನ ಸುಮ್ಮನೆ ಕುಳಿತು ನೋಡಿದರು. ಐದನೆಯ ದಿನ ಸಂಜೆ, ಮಕ್ಕಳು ಬಿಟ್ಟುಹೋದ ಬಣ್ಣದ ಕಡ್ಡಿಗಳನ್ನು ನನ್ನ ಜೊತೆ ಡಬ್ಬಿಗೆ ತುಂಬುತ್ತಾ ಮೆಲ್ಲಗೆ ಹೇಳಿದರು: “ಆಯಮ್ಮನ ಜೊತೆ ಲೋಟ ತೊಳೆಯುವಾಗ ಆ ಮಗು ಪಟಪಟ ಅಂತ ಮಾತಾಡುತ್ತೆ ರೀ. ಆಯಮ್ಮ ಅವಳ ಮುಖ ನೋಡಲ್ಲ, ಅದಕ್ಕೆ. ಪ್ರಾರ್ಥನೇಲೂ ಬಾಯಿ ತೆರೀತಾಳೆ. ಆಮೇಲೆ ಒಂದು ಕಣ್ಣು ಬಿಟ್ಟು ನೋಡ್ತಾಳೆ. ನೀವು ಪೆನ್ಸಿಲ್ ಹಿಡ್ಕೊಂಡು ಅವಳನ್ನೇ ನೋಡ್ತಾ ಇರ್ತೀರಿ.”

ಯಾರು ಕಣ್ಣು ಮುಚ್ಚಿದ್ದಾರೆಂದು ಗುರುತು ಹಾಕಲು ವರ್ಷವಿಡೀ ನಾನು ಕಣ್ಣು ಬಿಟ್ಟುಕೊಂಡೇ ಪ್ರಾರ್ಥನೆಯಲ್ಲಿ ನಿಂತಿದ್ದೆ.

“ನಾಳೆಯಿಂದ ನೀವೂ ಕಣ್ಣು ಮುಚ್ಚಿ,” ಎಂದರು.

“ಹಾಗಾದ್ರೆ ಗುರುತು ಹೇಗೆ ಹಾಕ್ಲಿ, ಟೀಚರ್?”

“ಕಿವಿ ಇದ್ಯಲ್ಲಮ್ಮ!”

ಆದರೆ ಆ ನಾಳೆಯೇ ಪರೀಕ್ಷೆಯ ದಿನ. ಪಾಸ್ಟರ್ ಅಯ್ಯನವರು, ಇಬ್ಬರು ಹಿರಿಯರು ಗಂಭೀರವಾಗಿ ಬಂದು ಸಾಲಾಗಿ ಕುಳಿತರು. ಉಳಿದ ಮಕ್ಕಳದ್ದೆಲ್ಲ ಸುಸೂತ್ರವಾಗಿ ಮುಗಿದು ಅವಳ ಸರದಿ ಬಂತು; ಮೊದಲು ಪ್ರಾರ್ಥನೆ. ಆರು ದೊಡ್ಡ ಕಣ್ಣುಗಳು ಅವಳ ಮುಖಕ್ಕೆ ನೆಟ್ಟಿದ್ದವು. ಅವಳು ತಲೆ ತಗ್ಗಿಸಿ ಕಾಲ್ಬೆರಳು ನೋಡುತ್ತಿದ್ದಳು. ಆಗ ದೊಡ್ಡ ಟೀಚರ್ ಎದ್ದು ನಿಂತು, ವಿನಯವಾಗಿ, ಆದರೆ ಮಿಸುಕಾಡದ ದನಿಯಲ್ಲಿ ಹೇಳಿದರು: “ಅಯ್ಯನವರೇ, ಕ್ಷಮಿಸಬೇಕು. ಪ್ರಾರ್ಥನೆ ಅಂದ್ಮೇಲೆ ಎಲ್ಲರೂ ಕಣ್ಣು ಮುಚ್ಚಬೇಕು. ದೊಡ್ಡೋರಿಗೆ ವಿನಾಯಿತಿ ಇಲ್ಲ.”

ಸಮಿತಿಯ ಅಧ್ಯಕ್ಷರಾಗಿದ್ದ ಹಿರಿಯರು ಹುಬ್ಬು ಗಂಟಿಕ್ಕಿದರು. ಪಾಸ್ಟರ್ ಮಾತ್ರ ತಕ್ಷಣ ಕಣ್ಣು ಮುಚ್ಚಿದರು. ಉಳಿದವರಿಗೆ ಬೇರೆ ದಾರಿಯಿರಲಿಲ್ಲ. ನಾನೂ ಮುಚ್ಚಿದೆ. ಅಷ್ಟು ದೀರ್ಘವಾದ ನಿಮಿಷವನ್ನು ನಾನು ಜೀವನದಲ್ಲಿ ಕಂಡಿಲ್ಲ.

ಆಮೇಲೆ ಬಂತು ಆ ದನಿ, ಯಾರೂ ಊಹಿಸದಷ್ಟು ಗಟ್ಟಿಯಾಗಿ. “ದೇವರೇ, ಅಜ್ಜಿ ಕೈ ಇಸ್ತ್ರಿ ಪೆಟ್ಟಿಗೆಗೆ ತಾಗಬಾರದು. ಆಯಮ್ಮಂಗೆ ಮಂಡಿ ನೋವು ಹೋಗಬೇಕು. ನಂಗೆ ಗುಂಡಿ ಹಾಕ್ಕೊಳ್ಳೋಕೆ ಬರುತ್ತೆ. ಕೆಂಪು ಕಡ್ಡೀನ ಪಕ್ಕದವನಿಗೆ ಕೊಟ್ಟೆ, ಅವನು ಮುರಿದು ಹಾಕ್ದ, ಆದ್ರೂ ಪರವಾಗಿಲ್ಲ. ನಂಗೆ ಇಪ್ಪತ್ತು ಬರುತ್ತೆ. ಒಂದು, ಎರಡು, ಮೂರು...” ದೇವರ ಎದುರು ಇಪ್ಪತ್ತರವರೆಗೆ ಎಣಿಸಿಯೇಬಿಟ್ಟಳು. ಅಧ್ಯಕ್ಷರು ಮೆಲ್ಲಗೆ, “ಸಾಕು ಮಗಳೇ, ಆಮೆನ್ ಅನ್ನಮ್ಮ,” ಎಂದರು.

“ಇರಿ ತಾತ, ಇನ್ನೂ ಇದೆ,” ಎಂದಳು.

ಅದು ಮುಗಿಯುವವರೆಗೂ ಯಾರೊಬ್ಬರೂ ಕಣ್ಣು ಬಿಡಲಿಲ್ಲ. ಬಿಟ್ಟಾಗ ಒದ್ದೆಯಾಗದ ಕಣ್ಣು ಆ ಕೋಣೆಯಲ್ಲಿ ಒಂದೂ ಇರಲಿಲ್ಲ. ಅದೇ ವಾರ ಸಮಿತಿ ಆ ನಿಯಮವನ್ನು ಹೊಡೆದುಹಾಕಿತು. ಅಲ್ಲಿಂದ ಇಲ್ಲಿಯವರೆಗೆ ಗುರಿಪಟ್ಟಿಯ ಕಾರಣಕ್ಕೆ ನಮ್ಮ ಶಾಲೆಯಲ್ಲಿ ಒಂದೇ ಒಂದು ಮಗು ಹಿಂದೆ ಉಳಿದಿಲ್ಲ. ಸುತ್ತಲಿನ ಹನ್ನೊಂದು ಶಿಶುವಿಹಾರಗಳ ಟೀಚರುಗಳು ದೊಡ್ಡ ಟೀಚರ್ ಬಳಿ ಬಂದು, ಮಗುವನ್ನು ನೋಡುವುದು ಹೇಗೆಂದು ಕಲಿತು ಹೋಗಿದ್ದಾರೆ.

ಕೆಲಸದಿಂದ ಬಿಡುಗಡೆಯಾದ ಮೇಲೆ ಹೊಸ ಟೀಚರುಗಳಿಗಾಗಿ ಕೈಪಿಡಿಯೊಂದನ್ನು ಬರೆಯುವುದಾಗಿ ಅವರು ಒಪ್ಪಿಕೊಂಡಿದ್ದಾರೆ. ಅದನ್ನು ಬರೆದು ಮುಗಿಸಿ, ಅದರ ಹತ್ತನೆಯ ಮುದ್ರಣವನ್ನೂ ತಾವೇ ತಿದ್ದುವಷ್ಟು ಆಯುಸ್ಸನ್ನೂ ಆರೋಗ್ಯವನ್ನೂ ಕರ್ತನು ಅವರಿಗೆ ದಯಪಾಲಿಸಲಿ. ಇದು ಅವರ ಕೈಯಲ್ಲಿ ಬೆಳೆದ ನೂರಾರು ಮಕ್ಕಳ ಹಾರೈಕೆ. ಜೊತೆಗೆ, ಟೀಚರಾಗಿ ನಾಲ್ಕು ವರ್ಷ ಕಳೆದ ಮೇಲೆ, ಆ ಮಗುವಿನ ಪಕ್ಕದಲ್ಲಿ ನಿಂತು, ಮೊದಲ ಬಾರಿಗೆ ನಿಜವಾಗಿ ಪ್ರಾರ್ಥಿಸಿದವಳೊಬ್ಬಳ ಹಾರೈಕೆ.