ದೇವರ ಪಾಳಿ

ಬಟ್ಟೆ ಗಿರಣಿಯಲ್ಲಿ ಇಪ್ಪತ್ತೆರಡು ವರ್ಷ ಬಾಯ್ಲರ್ ಕಾಯ್ದವನಿಗೆ ದೇವರು ಕಿರೀಟ ಹೊತ್ತು ಕಾಣಿಸುತ್ತಾನೆಯೇ? ಹರಕು ಬನಿಯನ್ನಿನ, ಮೊಣಕೈವರೆಗೆ ಸುಟ್ಟ ಕಲೆಗಳ, ರಜೆ ಸಿಗದ ಮುದುಕನಾಗಿ ಕಾಣಿಸಿದ. ಆಕಾಶದ ಹಿಂದೆ ಆ ಮುದುಕ ಕಾಯುವ ಬಾಯ್ಲರೊಂದಿದೆ. ಅದರ ನೀರು ಇಳಿದರೆ ಲೋಕ ಸಿಡಿಯುತ್ತದೆ. ಮುದುಕನಿಗೆ ಕಣ್ಣು ಮಂಜು. ಹಾಗಾಗಿ ತಾನೂ ಎಚ್ಚರವಿದ್ದು ನೀರು ನೋಡಬೇಕು ಎಂಬುದು ಇವನ ನಂಬಿಕೆ. ಮಾನಸಿಕ ಆಸ್ಪತ್ರೆ ಸೇರಿ ಏಳು ತಿಂಗಳಾದರೂ ಮಾತ್ರೆಯನ್ನು ಕೆನ್ನೆಯೊಳಗೆ ಅಡಗಿಸಿ ಉಗುಳುತ್ತಿದ್ದುದು ಇದಕ್ಕೇ. ನುಂಗಿದರೆ ನಿದ್ದೆ.

"ಅಷ್ಟು ಕಷ್ಟ ಇದ್ರೆ ನಿನ್ನ ದೇವರು ಇನ್ನೊಬ್ಬ ಆಳಿಟ್ಕೋಬಾರದೇನೋ?" ಎಂದಳು ಅಕ್ಕ. ಅದೇ ಗಿರಣಿಯಲ್ಲಿ ನೂಲು ಸುತ್ತುವವಳು. ತಮ್ಮನನ್ನು ಬಿಟ್ಟರೆ ಅವಳಿಗೆ ಯಾರೂ ಇಲ್ಲ.

"ಯಾರು ಬರ್ತಾರಕ್ಕ? ಕೈ ಜೋಡಿಸಿ ಅಂದ್ರೆ ನಮಸ್ಕಾರ ಮಾಡಿ ಜಾಗ ಖಾಲಿ ಮಾಡ್ತಾರೆ."

ಮಾತ್ರೆ ಹೊಟ್ಟೆಗಿಳಿಯದೆ ಮನೆಗೆ ಕಳಿಸುವುದಿಲ್ಲ ಎಂದು ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದ್ದರು. ಬೈದು, ಅತ್ತು, ಗೋಗರೆದು ಸೋತ ಅಕ್ಕನಿಗೆ ಗಿರಣಿಯ ಕಟ್ಟಳೆ ನೆನಪಾಯಿತು. ಬದಲಿಯವನು ಬಂದು, ಗಾಜಿನ ಕೊಳವೆಯಲ್ಲಿ ನೀರನ್ನು ಕಣ್ಣಾರೆ ನೋಡಿ, "ನೋಡಿದೆ, ಹೋಗು" ಅನ್ನುವವರೆಗೆ ಬಾಯ್ಲರಿನವನು ಕದಲುವಂತಿಲ್ಲ. ಹಾಗೆ ಅಂದ ಮೇಲೆ ಅವನು ಅಲ್ಲಿ ನಿಲ್ಲುವಂತೆಯೂ ಇಲ್ಲ.

ಅಕ್ಕ ಎದ್ದು ನಿಂತು, ಕತ್ತೆತ್ತಿ ವಾರ್ಡಿನ ಸೂರನ್ನು ದಿಟ್ಟಿಸಿದಳು. "ನೋಡಿದೆ. ಹೋಗು."

"ತಮಾಷೆ ಅಲ್ಲ ತಾನೆ?"

"ಗಿರಣಿಯವಳು ಕಣೋ ನಾನು. ಈ ಮಾತಲ್ಲಿ ತಮಾಷೆ ಮಾಡ್ತೀನಾ?"

ಅವತ್ತಿನಿಂದ ತಮ್ಮ ಮಾತ್ರೆ ನುಂಗಿದ. ಮೂರು ವಾರಕ್ಕೆ ಮನೆಗೆ ಬಂದ. ಡಾಕ್ಟರಮ್ಮ ಶಹಭಾಸ್ ಅಂದದ್ದು ಮಾತ್ರೆಗೆ.

ಬಂದ ಐದನೇ ದಿನ ಮಧ್ಯಾಹ್ನ, ಎಂಟು ಗಂಟೆ ನಿಂತು ಪಾಳಿ ಮುಗಿಸಿದ್ದ ಅಕ್ಕ ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ಕುಸಿದಳು, ಗೊರಕೆ ಹೊಡೆದಳು. ಕಣ್ಣುಬಿಟ್ಟಾಗ ತಮ್ಮ ಎದುರೇ ಕುಕ್ಕರುಗಾಲಲ್ಲಿ ಕೂತಿದ್ದ.

"ಮಲಗಿಬಿಟ್ಟೆಯಲ್ಲ ಅಕ್ಕ."

"ಸುಸ್ತಾಗಿತ್ತು ಕಣೋ. ಒಂದು ಗಳಿಗೆ."

"ನೀನು ಮಲಗಿದ್ದು ನೋಡಿ ಮುದುಕಾನೂ ಬಾಯ್ಲರ್ ಬಿಟ್ಟು ಹೋಗಿಬಿಟ್ಟ."

"ಏನೂ ಸಿಡೀಲಿಲ್ವಲ್ಲೋ! ಆಚೆ ನೋಡು, ಬಸ್ಸು ಓಡ್ತಿದೆ."

"ಹೌದು. ಅವನು ಇಲ್ದೇನೂ ಓಡ್ತದೆ. ಪಾಪ, ಸುಮ್ಮನೆ ಬೆಂದ."

ತಮ್ಮ ಬೈಯಲಿಲ್ಲ, ಕೂಗಾಡಲಿಲ್ಲ. ಮುಂದಿನ ತಪಾಸಣೆಯಲ್ಲಿ ದೇವರ ಬಗ್ಗೆ ಕೇಳಿದರೆ "ಇಲ್ಲ" ಎಂದ. ತುಂಬಾ ಸುಧಾರಿಸಿದ್ದಾನೆ ಎಂದು ಡಾಕ್ಟರಮ್ಮ ಬರೆದುಕೊಂಡರು. ಈಗ ತಟ್ಟೆ ಇಟ್ಟರೆ ಉಣ್ಣುತ್ತಾನೆ, ಇಡದಿದ್ದರೆ ಕೇಳುವುದಿಲ್ಲ. ಕೂರಿಸಿದಲ್ಲಿ ಕೂತಿರುತ್ತಾನೆ.

ಒಂದು ಬೆಳಿಗ್ಗೆ ಅಕ್ಕ ತಡೆಯಲಾರದೆ ಅವನ ಭುಜ ಹಿಡಿದು ಅಲುಗಾಡಿಸಿದಳು. "ಮುದುಕ ಎಲ್ಲಾದ್ರೂ ಇದ್ದಾನು ಕಣೋ. ಒಂದ್ಸಲ ನೋಡೋ, ನನ್ನಪ್ಪಾ."

ತಮ್ಮ ತನ್ನ ಪಾಲಿನ ಮಾತ್ರೆಯೊಂದನ್ನು ಅವಳತ್ತ ಚಾಚಿದ. "ತಗೋ ಅಕ್ಕ. ನಿದ್ದೆ ಬರುತ್ತೆ."