ಅಳು ಬಾರದ ಹನ್ನೊಂದು ತಿಂಗಳು

ಅಡರಕಟ್ಟಿ ದಾಟಿ ಲಕ್ಷ್ಮೇಶ್ವರದ ಕಡೆ ಬರುತ್ತಿದ್ದೆವು. ಬಸ್ಸಿಗೆ ಎಮ್ಮೆಯೊಂದು ಅಡ್ಡ ಬಂತು. ಡ್ರೈವರ್ ಬ್ರೇಕ್ ಒತ್ತಿದ. ಟಿಕೆಟ್ ಕೊಡುತ್ತಾ ನಿಂತಿದ್ದ ನಾನು ಮುಂದಕ್ಕೆ ಮುಗ್ಗರಿಸಿ ಕಂಬಿಗೆ ಹಣೆ ಬಡಿದುಕೊಂಡೆ. ಜನ ಚೀರಿದರು. ಯಾರದೋ ಬುಟ್ಟಿ ಉರುಳಿ ಬದನೆಕಾಯಿಗಳು ಕಾಲಡಿ ಚೆಲ್ಲಾಡಿದವು. ನಾನು ಎದ್ದು ನಿಂತು, "ಟಿಕೆಟ್ ಯಾರದರ ಉಳದಾವೇನ್ರೀ?" ಎಂದು ಕೇಳಿದೆ.

ಡ್ರೈವರ್ ತಿರುಗಿ ನೋಡಿದ. "ಅಕ್ಕಾರ, ಹಣಿ ಒಡದೈತಿ. ರಕ್ತ ಕಣ್ಣಾಗ ಇಳ್ಯಾಕತ್ತೈತಿ. ಮೊದಲ ಕುಂಡ್ರಿ."

ಮೂರು ಹೊಲಿಗೆ ಬಿದ್ದವು. ನೋವು ಇತ್ತು. ಆದರೆ ಅದು ಪಕ್ಕದ ಮನೆಯಲ್ಲಿ ಯಾರಿಗೋ ಆಗುತ್ತಿರುವಂತಿತ್ತು. ಹೆದರಿಕೆ ಆಗಲಿಲ್ಲ. ಎದೆ ಕೂಡ ಹೊಡೆದುಕೊಳ್ಳಲಿಲ್ಲ.

ನನ್ನ ಹೆಸರು ಲಲಿತಾ. ಬಸ್ ಕಂಡಕ್ಟರ್. ಬೆಟಗೇರಿಯ ನೇಕಾರರ ಮಗಳು, ಲಕ್ಷ್ಮೇಶ್ವರದ ಸೊಸೆ. ಗಂಡ ಈರಣ್ಣ ಪಂಪ್‌ಸೆಟ್ಟಿನ ಮೋಟರ್ ರಿಪೇರಿ ಮಾಡುತ್ತಾರೆ. ಮಗಳು ಚೈತ್ರಾಗೆ ಏಳು ವರ್ಷ. ಆ ದಿನಕ್ಕೆ ಐದು ತಿಂಗಳ ಹಿಂದೆ ನನಗೆ ಎರಡನೆಯ ಹೆರಿಗೆಯಾಗಿತ್ತು. ಎಂಟು ತಿಂಗಳು ತುಂಬಿದಾಗ ಹೊಟ್ಟೆಯೊಳಗಿನ ಓಡಾಟ ನಿಂತಿತು. ಸ್ಕ್ಯಾನಿಂಗ್‌ನಲ್ಲಿ ಹಾರ್ಟ್‌ಬೀಟ್ ಸಿಗಲಿಲ್ಲ. ಗಂಡುಮಗು.

ನಾನು ಅದರ ಮುಖ ನೋಡಲಿಲ್ಲ.

"ನೋಡಬ್ಯಾಡವಾ. ನೋಡಿದ್ರ ಜೀವಮಾನ ಮರಿಯಾಕ ಆಗಂಗಿಲ್ಲ" ಎಂದು ಅವ್ವ ನನ್ನ ಕೆನ್ನೆಗೆ ಕೈಯಿಟ್ಟು ಮುಖವನ್ನು ಗೋಡೆಯ ಕಡೆ ತಿರುಗಿಸಿದ್ದಳು. ನಾನು ತಿರುಗಿಕೊಂಡೆ. ಗೋಡೆಗೆ ತಿಳಿಹಸಿರು ಬಣ್ಣ ಬಳಿದಿದ್ದರು, ಒಂದು ಕಡೆ ಪೊರೆ ಎದ್ದಿತ್ತು. ಹಿಂದೆ ಯಾರೋ ನಡೆದುಹೋದ ಸಪ್ಪಳ. ಬಾಗಿಲು ಮುಚ್ಚಿದ ಸಪ್ಪಳ. ಎರಡು ದಿನಕ್ಕೆ ಎದೆಹಾಲು ಬಂದು ಕುಪ್ಪಸ ತೊಯ್ದಾಗ ನರ್ಸ್ ಮಾತ್ರೆ ಕೊಟ್ಟು ಹೋದಳು. ನಾನು ಅಳಲಿಲ್ಲ. ಬಂದವರೆಲ್ಲ "ಭಾಳ ಗಟ್ಟಿ ಹೆಣಮಗಳು" ಎಂದರು. ನಾನೂ ಹಾಗೇ ಅಂದುಕೊಂಡೆ. ಎರಡು ತಿಂಗಳಾಗುವಷ್ಟರಲ್ಲಿ ಡ್ಯೂಟಿಗೆ ಮರಳಿದೆ.

ಗಟ್ಟಿತನವಲ್ಲ ಅದು. ಏನೆಂದು ಹೇಳಲು ನನಗೆ ಈಗಲೂ ಸರಿಯಾದ ಮಾತು ಸಿಗುವುದಿಲ್ಲ. ಊಟ ಮಾಡುತ್ತಿದ್ದೆ, ರುಚಿ ಇರಲಿಲ್ಲ. ನಗುವವರನ್ನು ನೋಡಿ ನಗಬೇಕಾದಲ್ಲಿ ಬಾಯಿ ಅಗಲಿಸುತ್ತಿದ್ದೆ. ಚೈತ್ರಾ ಶಾಲೆಯಿಂದ ಬಂದು ಕೊರಳಿಗೆ ಬಿದ್ದರೆ, ಹೆಗಲ ಮೇಲೆ ಯಾರೋ ಒಂದು ಚೀಲ ಇಟ್ಟಂತೆ ನಿಂತಿರುತ್ತಿದ್ದೆ. ಇವಳನ್ನು ಅಪ್ಪಿಕೊಳ್ಳಬೇಕು ಎಂದು ತಲೆ ಹೇಳುತ್ತಿತ್ತು, ಕೈ ಏಳುತ್ತಿರಲಿಲ್ಲ.

ಮಕ್ಕಳಿಗೆ ಎಲ್ಲ ಗೊತ್ತಾಗುತ್ತದೆ. ಒಂದು ಸಂಜೆ ಚೈತ್ರಾ ಪಕ್ಕದಲ್ಲಿ ಕೂತು ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ನನ್ನ ತೋಳು ಹಿಡಿದು ಕಚ್ಚಿದಳು. ಆಟಕ್ಕಲ್ಲ. ಹಲ್ಲು ಮೂಡುವಂತೆ.

ನಾನು ತೋಳು ಎಳೆದುಕೊಳ್ಳಲಿಲ್ಲ.

ಅವಳೇ ಬಿಟ್ಟು ಹಿಂದೆ ಸರಿದಳು. "ಪಪ್ಪಾ, ಅವ್ವಗ ಏನೋ ಆಗೇತಿ" ಎಂದು ಚೀರುತ್ತಾ ಹೊರಗೆ ಓಡಿದಳು. ಅದರ ಮರುವಾರವೇ, ಬೆಟಗೇರಿಯ ಆಯಿಯ ಮನೆಯಲ್ಲಿ ಇರುತ್ತೇನೆ ಎಂದು ಹಟ ಹಿಡಿದಳು. ನನ್ನ ಅವ್ವ ಬಂದು ಕರೆದುಕೊಂಡು ಹೋದಳು. ಆಟೋ ತಿರುವಿನಲ್ಲಿ ಮರೆಯಾಯಿತು. ನಾನು ಒಳಗೆ ಬಂದು ಅಕ್ಕಿ ತೊಳೆದೆ.

ಮಗಳು ಮನೆ ಬಿಟ್ಟು ಹೋದರೂ ಏನೂ ಅನ್ನಿಸದ ಈ ಹೆಂಗಸು ಯಾರು? ನನ್ನೊಳಗೆ ಯಾರೂ ಇಲ್ಲ ಎನ್ನುವುದು ಅಂದು ಸ್ಪಷ್ಟವಾಯಿತು. ಮುಂಡರಗಿಯ ರೂಟಿನಲ್ಲಿ ಒಂದು ಮಧ್ಯಾಹ್ನ ಫುಟ್‌ಬೋರ್ಡಿನ ಮೇಲೆ ನಿಂತಿದ್ದೆ. ಕೈ ಬಿಟ್ಟರೆ ಏನಾದೀತು ಎಂದು ಯೋಚನೆ ಬಂತು. ಅದಕ್ಕೂ ಹೆದರಿಕೆ ಬರಲಿಲ್ಲ. ಮನೆಗೆ ಬಂದು ಗಂಡನಿಗೆ ಅದನ್ನು, ನಾಳೆ ನೀರು ಬರುವುದಿಲ್ಲ ಎಂದು ಹೇಳಿದ ಹಾಗೆ ಹೇಳಿದೆ.

ಅವರ ಕೈಯಲ್ಲಿದ್ದ ಚಹದ ಬಟ್ಟಲು ಅಲ್ಲೇ ನಿಂತಿತು. "ನಾಳೆ ಡ್ಯೂಟಿ ಬ್ಯಾಡ. ಗದಗಿಗೆ ಹೋಗೂಣು" ಎಂದರು. ಅಷ್ಟೇ.

ಗದಗಿನ ಆಸ್ಪತ್ರೆಯಲ್ಲಿ ರಕ್ತ ತೆಗೆದರು. ಥೈರಾಯ್ಡ್ ನಾರ್ಮಲ್. ಸಿ.ಟಿ. ಸ್ಕ್ಯಾನ್ ನಾರ್ಮಲ್. ಪ್ರತಿ ರಿಪೋರ್ಟಿನ ಜೊತೆ ನಾನು ಇನ್ನಷ್ಟು ಕುಸಿದೆ. ಎಲ್ಲವೂ ಸರಿಯಿದ್ದರೆ ನಾನು ಹೀಗೇ ಇರಬೇಕಾದವಳು ತಾನೇ? ಕೊನೆಗೆ ಸೈಕಿಯಾಟ್ರಿಸ್ಟ್ ಬಳಿ ಕಳಿಸಿದರು. ವಯಸ್ಸಾದ ಡಾಕ್ಟರು. ಪೂರ್ತಿ ಕೇಳಿಸಿಕೊಂಡರು.

"ಇದು ಡಿಪ್ರೆಶನ್ ರೀ. ತಡಕೊಳ್ಳಾಕ ಆಗದಷ್ಟು ಬಿದ್ದಾಗ ಕೆಲವೊಮ್ಮೆ ಮೈ ತಾನಾಗೇ ಮರಗಟ್ಟಿ ಕುಂಡ್ರತೈತಿ. ನೀವು ಕಲ್ಲ ಅಲ್ಲ, ಕೆಟ್ಟ ತಾಯಿನೂ ಅಲ್ಲ" ಎಂದರು. ಮಾತ್ರೆ ಬರೆದರು. ಫುಟ್‌ಬೋರ್ಡಿನ ಯೋಚನೆ ಮತ್ತೆ ಬಂದರೆ ತಡಮಾಡದೆ ಬರಬೇಕೆಂದು, ನನ್ನನ್ನು ಒಬ್ಬಳನ್ನೇ ಬಿಡಬಾರದೆಂದು ಗಂಡನಿಗೆ ಹೇಳಿದರು. ಕೆಳಗಿನ ಮಹಡಿಯ ಕೌನ್ಸೆಲರ್ ಹತ್ತಿರ ವಾರಕ್ಕೊಮ್ಮೆ ಹೋಗಲು ಚೀಟಿ ಕೊಟ್ಟರು.

ಕೌನ್ಸೆಲರ್ ಮೇಡಂ ಮೊದಲ ದಿನ ಕಣ್ಣು ಮುಚ್ಚಿಸಿದರು. ಪಾದದಿಂದ ನೆತ್ತಿಯವರೆಗೆ ಒಂದೊಂದೇ ಅಂಗವನ್ನು ಗಮನಿಸುತ್ತಾ ಬರಬೇಕು. ಕಾಲು, ಮೊಣಕಾಲು, ತೊಡೆ. ಹೊಟ್ಟೆಗೆ ಬಂದೆ.

ಉಸಿರು ನಿಂತಿತು.

ಕೈಕಾಲು ತಣ್ಣಗಾದವು. ಕಿವಿಯಲ್ಲಿ ಆ ಬಾಗಿಲಿನ ಸಪ್ಪಳ. ಚಪ್ಪಲಿ ಬಿಟ್ಟು ಹೊರಗೆ ಓಡಿದೆ. ಎರಡು ವಾರ ಹೋಗಲಿಲ್ಲ. ಮದ್ದೇ ಹೀಗೆ ಕೊಲ್ಲುವುದಾದರೆ ಇನ್ನೇನು ಉಳಿಯಿತು ಎಂದು ಚಾಪೆಯ ಮೇಲೆ ಬಿದ್ದುಕೊಂಡಿದ್ದೆ. ಗಂಡ ಅಂಗಡಿ ಮುಚ್ಚಿ ಪಕ್ಕದಲ್ಲಿ ಕೂತಿರುತ್ತಿದ್ದರು.

ಮೂರನೆಯ ವಾರ ಅವರೇ ಎಬ್ಬಿಸಿ ಕರೆದೊಯ್ದರು. ಮೇಡಂ ಎದ್ದು ಬಂದು ನನ್ನ ಕೈ ಹಿಡಿದರು.

"ತಪ್ಪು ನಂದು ರೀ. ಅವಸರ ಮಾಡಿದೆ. ಇನ್ನ ಮ್ಯಾಲೆ ಹೊಟ್ಟಿ ಕಡೆ ಹೋಗೂದು ಬ್ಯಾಡ, ಕಣ್ಣು ಮುಚ್ಚೂದೂ ಬ್ಯಾಡ. ಬರೇ ಅಂಗಾಲು. ನೆಲಾ ಒತ್ರಿ, ಬಿಡ್ರಿ. ಸಾಕನ್ನಿಸಿದ್ರ ನಿಲ್ಲಸ್ರಿ. ನಿಲ್ಲಸೂದು ನಿಮ್ಮ ಕೈಯಾಗ ಐತಿ."

ಕೇಳಿದರೆ ನಗು ಬರುವಂಥ ಸಣ್ಣ ಕೆಲಸಗಳು. ಮುಂಜಾನೆ ಬರಿಗಾಲಲ್ಲಿ ನಿಂತು ಅಂಗಾಲನ್ನು ನೆಲಕ್ಕೆ ಒತ್ತುವುದು. ಪಾತ್ರೆ ತೊಳೆಯುವ ಮುನ್ನ ಉಗುರುಬೆಚ್ಚಗಿನ ನೀರಲ್ಲಿ ಕೈಯಿಟ್ಟು ಬಿಸಿ ಎಲ್ಲಿಯವರೆಗೆ ಏರುತ್ತದೆ ನೋಡುವುದು. ಕತ್ತನ್ನು ಸಾವಕಾಶ ತಿರುಗಿಸಿ ಕೋಣೆಯಲ್ಲಿರುವ ವಸ್ತುಗಳನ್ನು ಒಂದೊಂದಾಗಿ ಕಣ್ಣಲ್ಲಿ ಮುಟ್ಟುವುದು. ಎದೆಯ ಮೇಲೆ ಅಂಗೈಯಿಟ್ಟು, ಉಸಿರು ಬಿಡುವಾಗ ಬಾಯಿ ಮುಚ್ಚಿ ಗುಂಯ್ ಎನ್ನುವುದು. ಡ್ಯೂಟಿಗೆ ಮರಳಿದ ಮೇಲೆ ಬಸ್ಸಿನಲ್ಲೂ ಮಾಡಿದೆ. ತಗ್ಗುದಿಣ್ಣೆಯ ರಸ್ತೆಯಲ್ಲಿ ಬಸ್ಸು ತೂಗಿದಾಗ ಭಾರ ಎಡಗಾಲಿಗೆ ಹೋಗುತ್ತದೆ, ಬಲಗಾಲಿಗೆ ಬರುತ್ತದೆ. ಇಷ್ಟು ವರ್ಷ ನಿಂತೇ ದುಡಿದವಳು ಅದನ್ನು ಗಮನಿಸಿರಲಿಲ್ಲ.

ಏನೂ ಆಗಲಿಲ್ಲ. ಒಂದು ವಾರ, ಎರಡು ವಾರ, ನಾಲ್ಕು ವಾರ. ಹಾಜರಿ ಹಾಕಿದಂತೆ ಮಾಡುತ್ತಿದ್ದೆ. ದಿನಾ ಸಂಜೆ ಗಂಡ ಕೇಳುತ್ತಿದ್ದರು, "ಏನರ ಅನಿಸ್ತೇನು?" ನಾನು ತಲೆ ಅಲ್ಲಾಡಿಸುತ್ತಿದ್ದೆ. ಒಂದು ದಿನ ನನ್ನ ಗಂಟಲಿನಿಂದ ಯಾರದೋ ದನಿ ಹೊರಬಂತು.

"ದಿನಾ ಅದನ್ನ ಏನ್ ಕೇಳ್ತೀರಿ! ಸಾಕಾಗೇತಿ ನನಗ!"

ನನ್ನ ಕೆನ್ನೆ ಬಿಸಿಯಾಗಿತ್ತು. ಅವರು ನಗಲು ಹೋಗಿ ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು. "ಬೈ, ಲಲಿತಾ. ಇನ್ನೂ ಬೈ" ಎಂದರು.

ಸಿಟ್ಟು ಮೊದಲು ಬರುವುದುಂಟು, ಬರಲಿ, ಎಂದರು ಮೇಡಂ. ಆಮೇಲಿನದು ಸುಲಭವಿರುತ್ತದೆ ಎಂದು ಅವರೂ ಹೇಳಲಿಲ್ಲ. ಮರಗಟ್ಟಿದ್ದಾಗ ನನಗೆ ಏನೂ ಇರಲಿಲ್ಲ; ಈಗ ಎಲ್ಲವೂ ಇತ್ತು. ಬಸ್ಸಿನಲ್ಲಿ ಕೂಸು ಅತ್ತರೆ ಕಿವಿ ಮುಚ್ಚಿಕೊಳ್ಳುವಂತಾಗುತ್ತಿತ್ತು. ಬೆವರು, ನಡುಕ. ಮೊದಲಿನಂತೆ ಇದ್ದರೇ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅಂದುಕೊಂಡೆ. ಸುಳ್ಳು ಹೇಳುವುದಿಲ್ಲ, ಮೇಡಂ ಹೇಳಿದ್ದನ್ನು ಮಾಡದೆ ಬಿಟ್ಟ ದಿನಗಳೂ ಇವೆ.

ಒಂದು ಭಾನುವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ನಿಂತು ಎದೆಗೆ ಕೈಯಿಟ್ಟು ಗುಂಯ್ ಎನ್ನುತ್ತಿದ್ದೆ. ಅಂಗೈಯ ಕೆಳಗೆ ಏನೋ ಬಿಗಿಯಿತು. ಹಾಲು ಕಟ್ಟಿದಾಗ ಆಗಿದ್ದ ಅದೇ ಬಿಗಿತ. ಈ ಸಲ ಓಡಲಿಲ್ಲ. ಅಂಗಾಲಿನಿಂದ ನೆಲವನ್ನು ಒತ್ತಿದೆ. ಗಂಡ ಬಾಗಿಲಲ್ಲಿದ್ದರು.

"ಎಲ್ಲಿ ಇಟ್ಟು ಬಂದ್ರಿ ಅವನ್ನ?"

ಹನ್ನೊಂದು ತಿಂಗಳಲ್ಲಿ ಆ ಪ್ರಶ್ನೆಯನ್ನು ನಾನು ಕೇಳಿರಲಿಲ್ಲ. ಅವರು ಅಲ್ಲೇ ಹೊಸ್ತಿಲ ಮೇಲೆ ಕೂತರು.

"ಕಾಕಾನ ಹೊಲದಾಗ. ಬೇವಿನ ಗಿಡದ ಬುಡಕ. ನಾನ ಎತ್ಕೊಂಡು ಹೋದೆ, ಯಾರ ಕೈಯಾಗೂ ಕೊಡಲಿಲ್ಲ. ನನ್ನ ಹೊಸಾ ಟವೆಲ್ಲಿನಾಗ ಸುತ್ತಿದ್ದೆ."

"ಮುಖ?"

"ಮೂಗು ನಿಂದ ಇತ್ತು, ಲಲಿತಾ. ತಲಿ ತುಂಬ ಕೂದಲಾ."

ನಾನು ನೆಲಕ್ಕೆ ಕುಸಿದೆ. ಅಳು ಗಂಟಲಿನಿಂದ ಬರಲಿಲ್ಲ, ಹೊಟ್ಟೆಯಿಂದ ಬಂತು. ಆ ಸದ್ದು ಕೇಳಿ ಪಕ್ಕದ ಮನೆಯವರು ಬಂದರಂತೆ. ಗಂಡ ಕೈಸನ್ನೆ ಮಾಡಿ ಕಳಿಸಿದರಂತೆ. ಒಲೆಯ ಮೇಲಿನ ಬೇಳೆ ಸೀದುಹೋಯಿತು. ಎಷ್ಟೋ ಹೊತ್ತಿನ ಮೇಲೆ ಅವರೂ ಅಳುತ್ತಿದ್ದಾರೆ ಎಂದು ತಿಳಿಯಿತು. ನನ್ನ ಮುಂದೆ ಮುಖ ಮುಚ್ಚದೆ ಅವರು ಅತ್ತದ್ದು ಅದೇ ಮೊದಲ ಸಲ.

ಮರುವಾರ ಇಬ್ಬರೂ ಆ ಹೊಲಕ್ಕೆ ಹೋಗಿ ಬಂದೆವು. ಅವನ ಮುಖ ನೋಡಬೇಕಿತ್ತು ಎಂದು ನಾನು ಫೋನಿನಲ್ಲಿ ಹೇಳಿದಾಗ ಅವ್ವ, "ನಾ ತಪ್ಪ ಮಾಡಿದೆನವಾ" ಎಂದಳು. ಅವಳು ಬೇಕೆಂದು ಮಾಡಿದ್ದಲ್ಲ. ಆದರೂ "ಇರ್ಲಿ ಬಿಡವಾ" ಎಂಬ ಮಾತು ನನ್ನ ಬಾಯಿಂದ ಆ ದಿನ ಬರಲಿಲ್ಲ. ಈಗಲೂ ಪೂರ್ತಿ ಬಂದಿಲ್ಲ.

ಮಾತ್ರೆ ನಡೆದಿದೆ. ಕೆಲವು ದಿನ ಬೆಳಿಗ್ಗೆ ಎದ್ದರೆ ಮೈಯೆಲ್ಲ ಮತ್ತೆ ಮರದಂತೆ. ಆಗ ಅಂಗಾಲಿನಿಂದ ಶುರುಮಾಡುತ್ತೇನೆ. ಒಮ್ಮೊಮ್ಮೆ ಅಲ್ಲಿಗೇ ನಿಲ್ಲುತ್ತದೆ, ಮುಂದೆ ಹೋಗುವುದಿಲ್ಲ. ಪೂರಾ ಗುಣವಾಗುತ್ತೇನೋ ಇಲ್ಲವೋ, ಕೇಳಿದರೆ ಡಾಕ್ಟರು "ಸಾವಕಾಶ" ಎನ್ನುತ್ತಾರೆ.

ಚೈತ್ರಾ ಹದಿನೈದು ದಿನದ ಹಿಂದೆ ಮನೆಗೆ ಬಂದಳು. ಮೊದಲೆರಡು ದಿನ ದೂರದಿಂದಲೇ ನೋಡಿದಳು. ನಾನೂ ಕರೆಯಲಿಲ್ಲ, ಅವಳ ಪಾಡಿಗೆ ಬಿಟ್ಟೆ. ನಿನ್ನೆ ಶಾಲೆಗೆ ಹೊತ್ತಾಗುತ್ತಿತ್ತು. ಬಾಚಣಿಗೆ ಹಿಡಿದು ತಾನಾಗೇ ಬಂದು ನನ್ನ ಮುಂದೆ ಬೆನ್ನು ಮಾಡಿ ಕೂತಳು. ಕೂದಲು ಗಂಟುಗಂಟಾಗಿತ್ತು. ಅವಸರದಲ್ಲಿ ಜಗ್ಗಿದೆ.

"ಅವ್ವಾ! ಸಾವಕಾಶ!"

ನನ್ನ ಕೈ ತಾನಾಗಿ ನಿಂತಿತು. ಯಾರೂ ಹೇಳಿಕೊಡಬೇಕಾಗಲಿಲ್ಲ. ಗಂಟನ್ನು ಬೆರಳಿನಿಂದ ಎಳೆಎಳೆಯಾಗಿ ಬಿಡಿಸುತ್ತಾ ಕೂತೆ. ಶಾಲೆಗೆ ತಡವಾಯಿತು.