ಕೈಗೆ ಕೂತ ಪಿಸ್ತೂಲು

ತಾಳವಾಡಿಯಲ್ಲಿ ನಾನು ಬಾಡಿಗೆಗಿರುವ ಮನೆಯ ಹಿತ್ತಲ ಗೋಡೆಗೆ ಸುಣ್ಣ ಬಳಿದು, ನಡುವೆ ಇದ್ದಿಲಿನಿಂದ ಒಂದು ಕಪ್ಪು ಬೊಟ್ಟು ಇಟ್ಟುಕೊಂಡಿದ್ದೇನೆ. ಸಂಜೆ ಶಾಲೆಯಿಂದ ಬಂದು ಕೈಕಾಲು ತೊಳೆದ ಮೇಲೆ, ಮರಳು ತುಂಬಿದ ಬಾಟಲಿಯೊಂದನ್ನು ಬಲಗೈಯಲ್ಲಿ ಹಿಡಿದು, ಕೈಯನ್ನು ಭುಜದ ಮಟ್ಟಕ್ಕೆ ಚಾಚಿ ಆ ಬೊಟ್ಟಿನ ಎದುರು ನಿಲ್ಲುತ್ತೇನೆ. ಕೈ ನಡುಗತೊಡಗಿದಾಗ ಇಳಿಸುತ್ತೇನೆ. ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಎತ್ತುತ್ತೇನೆ. ಪಕ್ಕದ ಮನೆಯ ಹೆಂಗಸು ಮೊದಮೊದಲು ಬೇಲಿಯಾಚೆಯಿಂದ ನೋಡಿ ಇದೇನೋ ಹರಕೆಯಿರಬೇಕು ಅಂದುಕೊಂಡಿದ್ದಳಂತೆ. ಕೇಳಿದಾಗ, ಕೈಗೆ ವ್ಯಾಯಾಮ ಅಂದೆ. ನಾನು ಶಾಲೆಯಲ್ಲಿ ಆಟ ಕಲಿಸುವ ಟೀಚರ್. ಅಷ್ಟು ಹೇಳಿದರೆ ಜನ ನಂಬುತ್ತಾರೆ.

ಪೂರ್ತಿ ನಿಜ ಹೇಳಲು ಹಿಂಜರಿದದ್ದಕ್ಕೆ ಕಾರಣವಿದೆ. ನಮ್ಮ ಕಡೆ ಬಂದೂಕಿನ ಮಾತನ್ನು ಯಾರೂ ಹಗುರವಾಗಿ ಆಡುವುದಿಲ್ಲ. ನಾನು ಚಿಕ್ಕವಳಿದ್ದಾಗ ಸುತ್ತಲ ಕಾಡಿನ ತುಂಬ ಕಾಡುಗಳ್ಳರ, ಅವರನ್ನು ಹುಡುಕುವ ಪೊಲೀಸರ ಭಯವಿತ್ತು. ಕತ್ತಲಾದರೆ ಯಾರೂ ಹೊಲದ ಕಡೆ ಹೋಗುತ್ತಿರಲಿಲ್ಲ. ಪಣಕಹಳ್ಳಿಯ ನಮ್ಮ ಮನೆಯಲ್ಲಿ, ಜೋಳಕ್ಕೆ ಬೀಳುವ ಹಂದಿಗಳನ್ನು ಬೆದರಿಸಲು ಅಪ್ಪ ಇಟ್ಟುಕೊಂಡಿದ್ದ ಹಳೆಯ ಕೋವಿಯೊಂದಿತ್ತು. ಆ ದಿನಗಳಲ್ಲಿ ಎಲ್ಲರಂತೆ ಅಪ್ಪನೂ ಅದನ್ನು ಪೊಲೀಸ್ ಠಾಣೆಗೆ ಒಪ್ಪಿಸಿಬಿಟ್ಟರು. ಒಪ್ಪಿಸಿದ ಮೇಲೂ ವಿಚಾರಿಸಲು ಕರೆ ಬರುತ್ತಿತ್ತು. ಪ್ರತಿ ಸಲವೂ ಅಣ್ಣ ಅಪ್ಪನ ಜೊತೆಗೆ ಹೋಗಿ ಠಾಣೆಯ ಹೊರಗೆ ಕಾಯುತ್ತಿದ್ದ. ಅಪ್ಪ ಮನೆಗೆ ಬಂದವರೇ ಮುಸುಕು ಹೊದ್ದು ಮಲಗಿಬಿಡುತ್ತಿದ್ದರು. ಕಾಲ ತಿಳಿಯಾದ ಮೇಲೂ, ಅಪ್ಪ ಬದುಕಿರುವವರೆಗೂ, ಆ ಕೋವಿಯನ್ನು ವಾಪಸು ತರುವ ಮಾತು ನಮ್ಮ ಮನೆಯಲ್ಲಿ ಬರಲಿಲ್ಲ.

ಅಂಥ ಮನೆಯಿಂದ ಸತ್ಯಮಂಗಲಕ್ಕೆ ಕಾಲೇಜಿಗೆ ಹೋದವಳು ಎನ್‌ಸಿಸಿ ಸೇರಿದೆ. ಕ್ಯಾಂಪೊಂದರಲ್ಲಿ ನೆಲದ ಮೇಲೆ ಮಲಗಿಸಿ ಪಾಯಿಂಟ್ ಟೂ ಟೂ ರೈಫಲ್ ಕೈಗೆ ಕೊಟ್ಟರು. ಉಸಿರು ಬಿಟ್ಟು, ಅರ್ಧಕ್ಕೆ ತಡೆದು, ಕುದುರೆಯನ್ನು, ಅಂದರೆ ಟ್ರಿಗರನ್ನು, ಹಿಂದಕ್ಕೆ ಒತ್ತಿದ ಆ ಗಳಿಗೆಯಲ್ಲಿ ತಲೆಯೊಳಗಿನ ಎಲ್ಲ ಸದ್ದೂ ನಿಂತುಹೋಯಿತು. ಮನೆಯಲ್ಲಿ ನಾನು ಅದನ್ನು ಹೇಳಲಿಲ್ಲ. ಆಮೇಲೆ ಕೆಲಸ ಸಿಕ್ಕಿತು, ಮದುವೆಯಾಯಿತು. ಮದುವೆ ಒಂದು ವರ್ಷವೂ ನಿಲ್ಲಲಿಲ್ಲ; ಆ ಕತೆ ಇಲ್ಲಿ ಬೇಡ. ನಲವತ್ತರ ಹತ್ತಿರ ಬಂದಾಗ ನನ್ನ ಭಾನುವಾರಗಳು ಬಟ್ಟೆ ಒಗೆಯುವುದು, ಗೋಡೆ ನೋಡುತ್ತ ಕೂರುವುದು, ಇಷ್ಟೇ ಆಗಿದ್ದವು. ಕೊಯಮತ್ತೂರಿನಲ್ಲಿ ಶೂಟಿಂಗ್ ಕ್ಲಬ್ಬೊಂದಿದೆ ಎಂದು ಯಾರೋ ಹೇಳಿದ್ದು ನೆನಪಾಗಿ, ಒಂದು ಶನಿವಾರ ಬೆಳಗಿನ ಬಸ್ಸು ಹತ್ತಿ ದಿಂಬಂ ಘಾಟಿ ಇಳಿದೆ.

ಅಲ್ಲಿನ ಕೋಚ್ ಸೈನ್ಯದಿಂದ ನಿವೃತ್ತರಾದವರು, ತಮಿಳರು, ಮಾತು ಕಡಿಮೆ. ರೈಫಲ್ಲೋ ಪಿಸ್ತೂಲೋ ಎಂದು ಕೇಳಿದರು. ಪಿಸ್ತೂಲು ಅಂದೆ. ರೈಫಲ್ಲಿಗೆ ದಪ್ಪ ಕೋಟು, ಚಾಪೆ, ಪಟ್ಟಿ ಎಲ್ಲ ಬೇಕು. ಪಿಸ್ತೂಲು ಹಿಡಿಯುವವರು ಇನ್ನೊಂದು ಕೈಯನ್ನು ಜೇಬಿನಲ್ಲಿಟ್ಟುಕೊಂಡು ಸುಮ್ಮನೆ ಒಂಟಿಯಾಗಿ ನಿಲ್ಲುತ್ತಾರೆ. ಆ ನಿಲುವು ನನಗೆ ಆಗಲೇ ಅಭ್ಯಾಸವಾಗಿದೆ ಅನ್ನಿಸಿತು.

ಕೆಲವು ತಿಂಗಳು ಗಾಳಿ ಪಿಸ್ತೂಲಿನಲ್ಲಿ ಕಲಿತ ಮೇಲೆ ಕೋಚ್ ಒಂದು ದಿನ ಮೇಜಿನ ಮೇಲೆ ಕ್ಲಬ್ಬಿನ ಎರಡು ಪಾಯಿಂಟ್ ಟೂ ಟೂ ಪಿಸ್ತೂಲುಗಳನ್ನು ಇಟ್ಟರು. ಇವುಗಳ ಗುಂಡು ಸಣ್ಣದು, ಕಿರುಬೆರಳಿನಷ್ಟೂ ದಪ್ಪವಿಲ್ಲ. ಗುಂಡಿನ ತಳದ ಅಂಚಿಗೆ ಪೆಟ್ಟು ಬಿದ್ದರೆ ಸಿಡಿಯುತ್ತದೆ. ಸದ್ದು ಕಡಿಮೆ, ಕೈಗೆ ಒದೆಯುವುದೂ ಕಡಿಮೆ. ಹಾಗಾಗಿ ತಪ್ಪಾದರೆ ಅದು ಹಿಡಿದವರ ತಪ್ಪೇ. ಒಂದನ್ನು ಆರಿಸಿಕೊ, ಆಮೇಲೆ ಬದಲಾಯಿಸಬೇಡ ಎಂದರು.

ಮೊದಲನೆಯದು ಹೊಸದು. ಕ್ಲಬ್ಬಿನಲ್ಲಿ ಎಲ್ಲರಿಗೂ ಅದೇ ಇಷ್ಟ. ಹಿಡಿ, ಗುರಿ ನೋಡುವ ಪಟ್ಟಿ, ಕುದುರೆಯ ಬಿಗಿ ಎಲ್ಲವನ್ನೂ ತಿರುಪು ತಿರುಗಿಸಿ ಹೊಂದಿಸಿಕೊಳ್ಳಬಹುದು. ಆದರೆ ಹಿಡಿ ದೊಡ್ಡದು. ನನ್ನ ಬೆರಳಿನ ತುದಿ ಮಾತ್ರ ಕುದುರೆಯನ್ನು ಮುಟ್ಟುತ್ತಿತ್ತು. ಒತ್ತಿದಾಗೆಲ್ಲ ಮೂತಿ ಎಡಕ್ಕೆ ಸರಿಯುತ್ತಿತ್ತು. ಎರಡನೆಯದು ಹಗುರ, ಬೇಗ ಮೇಲೇಳುತ್ತಿತ್ತು. ಅಷ್ಟೇ ಬೇಗ ಅಲುಗುತ್ತಿತ್ತು. ಆರಿಸಲಾಗದೆ, ಒಂದು ಶನಿವಾರ ಅದು, ಮತ್ತೊಂದು ಶನಿವಾರ ಇದು ಎಂದು ಮಳೆಗಾಲವೆಲ್ಲ ಕಳೆಯಿತು. ಬಿಳಿ ಹಾಳೆಯ ತುಂಬ ನನ್ನ ತೂತುಗಳು ಚೆಲ್ಲಾಪಿಲ್ಲಿಯಾಗಿ ಬೀಳುತ್ತಿದ್ದವು. ಅಲ್ಲಿಗೆ ಬರುವವರೆಲ್ಲ ಕಾರಿನಲ್ಲಿ ಬಂದು, ತಮ್ಮತಮ್ಮವರ ಜೊತೆ ಕಾಫಿ ಕುಡಿದು ಹೋಗುವವರು. ಕಾಡುಪ್ರಾಣಿಗಳಿಗಾಗಿ ರಾತ್ರಿ ಘಾಟಿ ದಾರಿ ಮುಚ್ಚುವ ಮೊದಲು ಊರು ಸೇರಬೇಕೆಂದು ನಾನು ಬ್ಯಾಗ್ ಹಿಡಿದು ಓಡುತ್ತಿದ್ದೆ.

ಒಂದು ದಿನ ಬೆಂಚಿನ ಮೇಲೆ ವಯಸ್ಸಾದ ಹೆಂಗಸೊಬ್ಬರು ಕೂತಿದ್ದರು. ಹಿಂದೆ ರಾಜ್ಯದ ತಂಡಕ್ಕೆ ಆಡಿದವರಂತೆ. ಕೈ ನಡುಕ ಬಂದು ಆಡುವುದನ್ನು ಬಿಟ್ಟಿದ್ದರು. ಆದರೂ ಆಗಾಗ ಬಂದು ಬೇರೆಯವರು ಹೊಡೆಯುವುದನ್ನು ನೋಡುತ್ತಿದ್ದರು. ನನ್ನ ಹಾಳೆಯನ್ನು ನೋಡಿ ತಮಿಳಿನಲ್ಲಿ ಕೇಳಿದರು: "ಕಣ್ಣು ಮುಚ್ಚಿ ಕೈ ಎತ್ತಿ ನೋಡಿದ್ದೀಯಾ?"

ಇಲ್ಲ ಎಂದೆ.

"ಕಣ್ಣು ಮುಚ್ಚಿ ಎತ್ತು. ಆಮೇಲೆ ತೆರೆ. ಗುರಿ ನೋಡುವ ಮುಂದಿನ ಗೂಟ ಹಿಂದಿನ ಕಚ್ಚಿನ ನಡುವೆ ತಾನಾಗಿ ಬಂದು ಕೂತಿದ್ದರೆ ಅದು ನಿನ್ನದು. ಮಣಿಕಟ್ಟು ತಿರುಗಿಸಿ ಸರಿಮಾಡಿಕೊಳ್ಳಬೇಕಾದರೆ ಅದು ಬೇರೆ ಯಾರದೋ."

ಹೊಸದನ್ನು ಎತ್ತಿ ಕಣ್ಣು ತೆರೆದೆ. ಗೂಟ ಪಕ್ಕಕ್ಕಿತ್ತು. ಹಗುರದ್ದರಲ್ಲಿ ಕೆಳಗಿತ್ತು. ಆಕೆ ಕೋಚ್ ಕಡೆ ನೋಡಿ ತಲೆಯಾಡಿಸಿದರು. ಕೋಚ್ ಕಪಾಟಿನಿಂದ ಮೂರನೆಯದೊಂದನ್ನು ತಂದರು. ಹಳೆಯದು, ಮೂತಿಯ ಕಡೆ ಭಾರ, ಕಬ್ಬಿಣದ ಕಪ್ಪು ಅಲ್ಲಲ್ಲಿ ಸವೆದಿತ್ತು. ಮರದ ಹಿಡಿಯನ್ನು ಅರದಿಂದ ಉಜ್ಜಿ ಉಜ್ಜಿ ಚಿಕ್ಕ ಕೈಗೆ ಹೊಂದಿಸಿದ್ದರು. ಅದು ಆಕೆಯದೇ.

ಕಣ್ಣು ಮುಚ್ಚಿ ಎತ್ತಿದೆ. ತೆರೆದಾಗ ಗೂಟ ಕಚ್ಚಿನ ನಡುವೆ ನಿಂತಿತ್ತು, ಎರಡು ಬದಿಗೂ ಒಂದೇ ಅಳತೆಯ ಬೆಳಕು. ನಾನು ಸ್ವಲ್ಪ ಹೊತ್ತು ಕೈ ಇಳಿಸಲಿಲ್ಲ. ಆವತ್ತಿನ ತೂತುಗಳು ಒಂದರ ಪಕ್ಕ ಒಂದು ಕಪ್ಪು ವೃತ್ತದೊಳಗೇ ಬಿದ್ದವು.

ಆಕೆ ನನ್ನ ಕೈಯನ್ನೇ ನೋಡುತ್ತಿದ್ದರು. "ನನ್ನ ಮಕ್ಕಳಿಗೆ ಇದು ಬೇಡ," ಎಂದರು. "ಲೈಸೆನ್ಸ್ ಮಾಡಿಸಿಕೊ. ನಿನಗೇ ಕೊಡುತ್ತೇನೆ."

ಅಣ್ಣನಿಗೆ ಹೇಳಲೇಬೇಕಾಯಿತು. ಲೈಸೆನ್ಸಿನ ವಿಚಾರಣೆಗೆ ಬರುವ ಪೊಲೀಸರು ಹುಟ್ಟಿದೂರಿನಲ್ಲೂ ಕೇಳುತ್ತಾರೆ. ಪಣಕಹಳ್ಳಿಗೆ ಹೋದಾಗ ಅವನು ಜಗುಲಿಯ ಮೇಲೆ ಬೀನ್ಸ್ ಮೂಟೆ ಹೊಲಿಯುತ್ತಿದ್ದ. ಹೇಳಿ ಮುಗಿಸುವವರೆಗೂ ಸೂಜಿ ನಿಲ್ಲಿಸಲಿಲ್ಲ.

"ಒಬ್ಳೇ ಇರೋಳ್ಗ ಪಿಸ್ತೂಲ್ ಯಾಕವ್ವ?" ಎಂದ.

"ಮನೇಲಿ ಇಡಾಕಲ್ಲ ಅಣ್ಣ. ಅಲ್ಲೇ ಕ್ಲಬ್ಬಲ್ಲೇ ಇರ್ತದ. ಆಟಕ್ಕೆ."

"ಆಟ ಅಂತೀಯ. ಅಪ್ಪ ಕೋವಿ ಕೊಟ್ಬುಟ್ಟು ಬಂದ ಮ್ಯಾಕೂ ಎಷ್ಟ್ ಸಲ ಕರದ್ರು ಗೊತ್ತಾ ನಿಂಗ? ಆಚ ಕಲ್ಲ್ ಮ್ಯಾಲ ಕೂತ್ಕಂಡು ಕಾಯ್ತಿದ್ದೋನು ನಾನು. ಅವ್ರು ಬಂದು ಕೇಳ್ದಾಗ ನಾ ಏನ್ ಯೋಳ್ಲಿ?"

"ನಿಂಗ ಸರಿ ಅನ್ಸಿದ್ದ ಯೋಳು."

ಅವನು ದಾರ ಕಡಿದು ಮೂಟೆಯನ್ನು ಪಕ್ಕಕ್ಕಿಟ್ಟ. ಅತ್ತಿಗೆ ಊಟಕ್ಕೆ ಕರೆದಳು. ಮೂವರೂ ಮುದ್ದೆ ಉಂಡೆವು. ಅಪ್ಪನ ನೆನಪನ್ನು ಅವನೊಬ್ಬನೇ ಹೊತ್ತುಕೊಂಡಿದ್ದ ಎಂದು ನನಗೆ ತಿಳಿದದ್ದು ಆಗಲೇ. ಆ ವರ್ಷಗಳಲ್ಲಿ ನಾನು ಮನೆಯೊಳಗಿದ್ದೆ, ಅವನು ಠಾಣೆಯ ಹೊರಗೆ ಕಲ್ಲಿನ ಮೇಲೆ.

ವಿಚಾರಣೆಗೆ ಬಂದವರು ಅಣ್ಣನನ್ನು ಕೇಳಿದರಂತೆ, ತಂಗಿಗೆ ಕೊಡಬಹುದಾ ಎಂದು. ಅವನು ಏನು ಹೇಳಿದನೆಂದು ಅತ್ತಿಗೆಯಿಂದ ಗೊತ್ತಾಯಿತು. "ಅವ್ಳು ಯಾರ್ ತಂಟಗೂ ಓಗೋಳಲ್ಲ, ಕೊಡಿ," ಎಂದು ಹೇಳಿ, ಅವರು ಹೋದ ಮೇಲೆ ಹೊಲಕ್ಕೆ ಹೋದವನು ಮಧ್ಯಾಹ್ನದ ಊಟಕ್ಕೂ ಬರಲಿಲ್ಲವಂತೆ.

ಲೈಸೆನ್ಸ್ ಬರುವ ಹೊತ್ತಿಗೆ ಬೇಸಿಗೆ ಬಂದಿತ್ತು. ಆ ಹಿರಿಯ ಹೆಂಗಸು ಅಷ್ಟರಲ್ಲಿ ಮಗಳ ಊರಿಗೆ ಹೊರಟುಹೋಗಿದ್ದರು. ಪಿಸ್ತೂಲನ್ನು ನನ್ನ ಹೆಸರಿಗೆ ಬರೆದುಕೊಡುವ ಕೆಲಸವನ್ನೆಲ್ಲ ಮುಗಿಸಿ, ಕೋಚ್ ಹತ್ತಿರ ಕೊಟ್ಟು ಹೋಗಿದ್ದರು. ನನ್ನದಾದ ಮೇಲೆ ಮೊದಲ ಸಲ ಹೊಡೆದ ದಿನ ಹಾಳೆಯನ್ನು ಮಡಚಿ ಬ್ಯಾಗಿನಲ್ಲಿಟ್ಟುಕೊಂಡೆ. ಸತ್ಯಮಂಗಲದ ಬಸ್ ಸ್ಟ್ಯಾಂಡಿನಲ್ಲಿ ಕೂತು ಅದನ್ನು ಯಾರಿಗೆ ತೋರಿಸಲಿ ಎಂದು ಯೋಚಿಸಿದೆ. ಶಾಲೆಯಲ್ಲಿ ತೋರಿಸುವ ಹಾಗಿಲ್ಲ. ಪಕ್ಕದ ಮನೆಯವಳಿಗೆ ಅರ್ಥವಾಗುವುದಿಲ್ಲ. ಮನೆಗೆ ಬಂದು ಹಾಳೆಯನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟೆ.

ಮುಂದಿನ ಸಲ ಹೊರಟಾಗ ತಾಳವಾಡಿಯ ಬಸ್ಸಿನ ಹತ್ತಿರ ಅಣ್ಣ ನಿಂತಿದ್ದ. ಬಿಳಿ ಪಂಚೆ ಉಟ್ಟಿದ್ದ. "ನಾನೂ ಬತ್ತೀನಿ, ನಡಿ," ಅಂದ. ಅಷ್ಟು ದೂರವೂ ಕಿಟಕಿಯಾಚೆ ನೋಡುತ್ತಿದ್ದ. ಕ್ಲಬ್ಬಿನಲ್ಲಿ ಗಾಜಿನ ಹಿಂದಿನ ಬೆಂಚು ತೋರಿಸಿದೆ. ಮೊದಲ ಸದ್ದಿಗೆ ಅವನ ಭುಜ ಕುಗ್ಗಿದ್ದು ತಿರುಗಿ ನೋಡಿದಾಗ ಗಾಜಿನಾಚೆ ಕಂಡಿತು. ಆಮೇಲೆ ನಾನು ಮತ್ತೆ ಆ ಕಡೆ ನೋಡಲಿಲ್ಲ. ಮುಗಿಸಿ ಬಂದಾಗ ಅವನು ಎದ್ದು ನಿಂತಿದ್ದ.

ವಾಪಸು ಬರುವಾಗ ಬಸ್ಸು ಘಾಟಿಯ ಮೇಲೆ ದಿಂಬಂನಲ್ಲಿ ನಿಂತಿತು. ಇಳಿದು ಟೀ ತೆಗೆದುಕೊಂಡೆವು. ಕೆಳಗಿನ ಬಯಲಿನ ಮೇಲೆ ಮಂಜು ಹರಡಿತ್ತು.

"ಅಷ್ಟೊತ್ತೂ ಏನ್ ಯೋಚ್ನ ಮಾಡ್ತಿಯಾ ಅಲ್ಲಿ ನಿಂತ್ಕಂಡು?" ಎಂದು ಕೇಳಿದ.

"ಏನೂ ಇಲ್ಲ ಅಣ್ಣ. ಆ ಮುಂದಿನ ಗೂಟ ಒಂದೇ ಕಾಣ್ತದ. ಬೇರೆಲ್ಲ ಮಸುಕು."

ಅವನು ಲೋಟದ ಟೀ ಕುಡಿದು ಮುಗಿಸಿದ. "ಅಪ್ಪಂಗೂ ಅಂಗೇ ಏನಾರ ಒಂದ್ ಇದ್ದಿದ್ರ ಸರಿಯಾಗ್ತಿತ್ತೇನೋ," ಎಂದ. ಬಸ್ಸಿನವನು ಹಾರನ್ ಹೊಡೆದ. ನಾವು ಹತ್ತಿದೆವು.

ತಾಳವಾಡಿಯಲ್ಲಿ ಇಳಿದ ಮೇಲೆ ಊಟ ಮಾಡಿ ಹೋಗು ಎಂದು ಕರೆದೆ. ಹೊಲಕ್ಕೆ ನೀರು ಬಿಡಬೇಕು ಎಂದು, ನಿಲ್ಲಿಸಿ ಹೋಗಿದ್ದ ಬೈಕ್ ಹತ್ತಿ ಪಣಕಹಳ್ಳಿಯ ದಾರಿ ಹಿಡಿದ. ಮತ್ತೆ ಅವನು ನನ್ನ ಜೊತೆ ಬರಲಿಲ್ಲ. ಫೋನ್ ಮಾಡಿದಾಗ ಮಾತ್ರ ಕೊನೆಯಲ್ಲಿ ಒಮ್ಮೆ, "ಈ ವಾರ ಓಗಿದ್ಯಾ?" ಎಂದು ಕೇಳುತ್ತಾನೆ. ಹೋಗಿದ್ದೆ ಅನ್ನುತ್ತೇನೆ. "ಸರಿ ಬುಡು," ಅನ್ನುತ್ತಾನೆ. ಅಷ್ಟು ಕೇಳುವವರು ಬೇರೆ ಯಾರೂ ಇಲ್ಲ.